ಮೂಗಿನ ಹೊಸ್ತಿಲಲ್ಲಿ

ನಸುಕಿನ ನಾಲ್ಕು ಗಂಟೆ. ಹೊರಗೆ ಗಂಟೆ ಬಾರಿಸುತ್ತಿದ್ದಾರೆ. ಧನುರ್ಮಾಸದ ಚಳಿ ಕಿಟಕಿಯ ಸಂದಿಯಿಂದ ಒಳಗೆ ಬಂದು ಕಾಲ್ಬೆರಳು ಹಿಡಿದಿದೆ. ಕೋಣೆಯ ಇನ್ನೊಂದು ಮಂಚದವರು ಆಗಲೇ ಎದ್ದು ಶಾಲು ಹೊದ್ದು ಸದ್ದಾಗದ ಹಾಗೆ ಬಾಗಿಲು ಎಳೆದುಕೊಂಡು ಹೋದರು. ಅವರ ಊರು ಯಾವುದು, ಏನು ಕೆಲಸ, ಒಂದೂ ನಿಮಗೆ ಗೊತ್ತಿಲ್ಲ. ಕೇಳುವ ಹಾಗೂ ಇಲ್ಲ. ನಿನ್ನೆ ರಾತ್ರಿಯಿಂದ ಇಲ್ಲಿ ಆರ್ಯಮೌನ. ಮಾತಿಲ್ಲ, ಸನ್ನೆಯಿಲ್ಲ, ಕಣ್ಣಿಗೆ ಕಣ್ಣು ಕೊಡುವುದೂ ಇಲ್ಲ. ನಿಮ್ಮ ಕೈ ತಾನಾಗಿಯೇ ದಿಂಬಿನ ಪಕ್ಕ ತಡಕಾಡುತ್ತದೆ. ಫೋನು ಅಲ್ಲಿಲ್ಲ. ಅದನ್ನೂ ಪರ್ಸನ್ನೂ ಪುಸ್ತಕ, ಪೆನ್ನುಗಳನ್ನೂ ನಿನ್ನೆ ಹೆಸರು ಬರೆಸುವಾಗಲೇ ಒಪ್ಪಿಸಿದ್ದೀರಿ.

ತುಮಕೂರು ರಸ್ತೆಯಿಂದ ಒಳಕ್ಕೆ ತಿರುಗಿದರೆ ಸಿಗುವ ದಾಸನಪುರ ಹೋಬಳಿಯ ಆಲೂರು ಇದು. ಇಲ್ಲಿನ ವಿಪಶ್ಯನಾ ಕೇಂದ್ರದ ಹೆಸರು ಧಮ್ಮ ಪಫುಲ್ಲ. ಹತ್ತು ದಿನದ ಶಿಬಿರಕ್ಕೆ ಬಂದಿದ್ದೀರಿ. ಮೊದಲ ಮೂರೂವರೆ ದಿನ ನಿಮಗೆ ಕೊಟ್ಟಿರುವ ಕೆಲಸ ಒಂದೇ: ಕಣ್ಣು ಮುಚ್ಚಿ ಕೂತು, ಮೂಗಿನಲ್ಲಿ ಬಂದು ಹೋಗುವ ಉಸಿರನ್ನು ನೋಡುವುದು. ಇದಕ್ಕೆ ಆನಾಪಾನ ಎನ್ನುತ್ತಾರೆ. ಬೆಳಗಿನ ನಾಲ್ಕೂವರೆಯಿಂದ ರಾತ್ರಿ ಒಂಬತ್ತರವರೆಗೆ, ಊಟ ತಿಂಡಿ ವಿಶ್ರಾಂತಿಯ ಹೊತ್ತು ಬಿಟ್ಟು, ಇದೇ.

ಧ್ಯಾನದ ಹಾಲಿನಲ್ಲಿ ಮಂದ ಬೆಳಕು. ಒಂದು ಬದಿಗೆ ಗಂಡಸರು, ಇನ್ನೊಂದು ಬದಿಗೆ ಹೆಂಗಸರು. ಸಾಲಾಗಿ ಚದರ ಆಸನಗಳು. ಗೋಡೆಯ ಪಕ್ಕ ವಯಸ್ಸಾದವರಿಗೆ, ಮಂಡಿನೋವಿನವರಿಗೆ ಕುರ್ಚಿಗಳು. ಪದ್ಮಾಸನ ಬಂದರೆ ಸರಿ, ಬಾರದಿದ್ದರೆ ಚಕ್ಕಳಮಕ್ಕಳ ಹಾಕಿದರಾಯಿತು. ಬೆನ್ನು, ಕತ್ತು ನೆಟ್ಟಗಿದ್ದರೆ ಸಾಕು. ಮೂರ್ತಿಯಿಲ್ಲ, ದೀಪವಿಲ್ಲ, ಊದುಬತ್ತಿಯ ವಾಸನೆಯೂ ಇಲ್ಲ. ಸ್ಪೀಕರಿನಿಂದ ಒಂದು ಗಂಭೀರವಾದ, ಎಳೆದೆಳೆದು ಮಾತಾಡುವ ದನಿ ಕೇಳಿಬರುತ್ತದೆ. ಸತ್ಯನಾರಾಯಣ ಗೋಯೆಂಕಾ ಅವರದು. ಅವರು ತೀರಿಕೊಂಡದ್ದು 2013ರಲ್ಲಿ. ಪಾಠ ಮಾತ್ರ ಇವತ್ತಿಗೂ ಅವರ ಧ್ವನಿಮುದ್ರಣದಿಂದಲೇ ನಡೆಯುತ್ತದೆ. ಅವರು ಹೇಳುವುದು ಇಷ್ಟು. ಉಸಿರು ತಾನಾಗಿ ಹೇಗಿದೆಯೋ ಹಾಗೆ ತಿಳಿಯಿರಿ. ಉದ್ದವಿದ್ದರೆ ಉದ್ದ, ಗಿಡ್ಡವಿದ್ದರೆ ಗಿಡ್ಡ. ಎಡ ಹೊಳ್ಳೆಯಲ್ಲಿದ್ದರೆ ಎಡ, ಬಲದಲ್ಲಿದ್ದರೆ ಬಲ. ತಿದ್ದಬೇಡಿ. ಎಣಿಸಬೇಡಿ. ಯಾವ ಹೆಸರನ್ನೂ ಮಂತ್ರವನ್ನೂ ಜೊತೆಗೆ ಸೇರಿಸಬೇಡಿ.

ಇಷ್ಟೇನಾ, ಅನ್ನಿಸುತ್ತದೆ.

ಒಂದು ಉಸಿರು ಒಳಗೆ ಬಂತು. ತಣ್ಣಗಿದೆ. ಹೊರಗೆ ಹೋಯಿತು, ತುಸು ಬೆಚ್ಚಗೆ. ಇನ್ನೊಂದು ಬಂತು. ಅಷ್ಟರಲ್ಲಿ ದೂರದಲ್ಲಿ, ಹೆದ್ದಾರಿಯ ಕಡೆ, ಲಾರಿಯೊಂದರ ಹಾರ್ನ್. ಶಿರಾ ಕಡೆಯಿಂದ ಬರುತ್ತಿರಬಹುದು. ಶಿರಾ ಎಂದರೆ ಕಡಲೆಕಾಯಿ. ಕಡಲೆಕಾಯಿ ಎಂದರೆ ಚಿಕ್ಕಪ್ಪನ ಹೊಲ. ಹೊಲ ಎಂದೊಡನೆ ಪಾಲುಪಟ್ಟಿ ಬರೆಸಿದ ದಿನ, ಜಗಲಿಯ ಮೇಲೆ ಕೂತ ಹಿರಿಯರು, ಎಲ್ಲರೆದುರು ಚಿಕ್ಕಪ್ಪ ನಿಮ್ಮಪ್ಪನಿಗೆ ಆಡಿದ ಆ ಒಂದು ಮಾತು. ಅವತ್ತು ನೀವು ಸುಮ್ಮನಿದ್ದಿರಿ. ಇವತ್ತು ಸುಮ್ಮನಿರುವುದಿಲ್ಲ. ಏನು ಹೇಳಬೇಕಿತ್ತು ಎಂಬುದು ಈಗ ಸಾಲುಸಾಲಾಗಿ ಬರುತ್ತಿದೆ, ಒಂದಕ್ಕಿಂತ ಒಂದು ಹರಿತ. ಚಿಕ್ಕಪ್ಪ ಉತ್ತರ ಕೊಡಲಾರದೆ ತಡವರಿಸುತ್ತಾರೆ. ನೀವು ಇನ್ನೊಂದು ಮಾತು ಸೇರಿಸುತ್ತೀರಿ.

ಹಾಲಿನಲ್ಲಿ ಯಾರೋ ಕೆಮ್ಮಿದರು.

ಆಗ ಗೊತ್ತಾಗುತ್ತದೆ, ನೀವು ಇಲ್ಲಿರಲಿಲ್ಲ. ಎಷ್ಟು ಹೊತ್ತು ಇರಲಿಲ್ಲ ಎಂಬುದೂ ತಿಳಿಯದು. ಉಸಿರು ಅಷ್ಟು ಹೊತ್ತೂ ಬಂದು ಹೋಗುತ್ತಲೇ ಇತ್ತು. ಎಚ್ಚರವಿರುವ ವಯಸ್ಕರು ನಿಮಿಷಕ್ಕೆ ಸುಮಾರು 12ರಿಂದ 20 ಸಲ ಉಸಿರಾಡುತ್ತಾರೆ. ಅಷ್ಟರಲ್ಲಿ ನೀವು ಕಂಡದ್ದು ಎರಡನ್ನು. ಮಿಕ್ಕದ್ದೆಲ್ಲ ನಿಮ್ಮ ಮೂಗಿನ ಕೆಳಗೇ ನಡೆದು ಹೋಯಿತು.

ಇಲ್ಲಿ ಬಹಳ ಜನ ಸೋತೆವು ಎಂದುಕೊಳ್ಳುತ್ತಾರೆ. ನನಗೆ ಧ್ಯಾನ ಹತ್ತುವುದಿಲ್ಲ, ನನ್ನ ಮನಸ್ಸು ಬಹಳ ಚಂಚಲ ಎಂದು ನಿರ್ಧಾರ ಮಾಡಿಬಿಡುತ್ತಾರೆ. ಮನಸ್ಸನ್ನು ಖಾಲಿ ಮಾಡಬೇಕು, ಯೋಚನೆಯೇ ಬರಬಾರದು ಎಂದು ಯಾರೋ ಎಲ್ಲಿಯೋ ಹೇಳಿದ ಮಾತು ತಲೆಯಲ್ಲಿ ಕೂತಿರುತ್ತದೆ. ಆ ಒಂದು ಮಾತು ಎಷ್ಟು ಜನರನ್ನು ಧ್ಯಾನದಿಂದ ದೂರ ಓಡಿಸಿದೆಯೋ! ಮನಸ್ಸು ಅಲೆಯುವುದು ಯಾರೊಬ್ಬರ ದೌರ್ಬಲ್ಯವೂ ಅಲ್ಲ. ಹಾರ್ವರ್ಡಿನ ಮ್ಯಾಥ್ಯೂ ಕಿಲಿಂಗ್ಸ್‌ವರ್ತ್ ಮತ್ತು ಡೇನಿಯಲ್ ಗಿಲ್ಬರ್ಟ್ 2,250 ಜನರ ಫೋನಿಗೆ ಹೊತ್ತಲ್ಲದ ಹೊತ್ತಿನಲ್ಲಿ ಪ್ರಶ್ನೆ ಕಳಿಸಿ, ಈಗ ಏನು ಮಾಡುತ್ತಿದ್ದೀರಿ, ಮನಸ್ಸು ಎಲ್ಲಿದೆ, ಹೇಗಿದ್ದೀರಿ ಎಂದು ಕೇಳಿದರು. ಹೆಚ್ಚುಕಡಿಮೆ ಅರ್ಧದಷ್ಟು, ಅಂದರೆ ಶೇ. 47ರಷ್ಟು ಸಲ ಕೈ ಒಂದು ಕಡೆ, ಮನಸ್ಸು ಇನ್ನೊಂದು ಕಡೆ. ಹಾಗೆ ಅಲೆಯುತ್ತಿರುವ ಹೊತ್ತಿನಲ್ಲಿ ಜನ ಕಡಿಮೆ ಸಂತೋಷದಲ್ಲಿದ್ದರು ಎಂಬುದು 2010ರಲ್ಲಿ ಪ್ರಕಟವಾದ ಆ ಅಧ್ಯಯನದ ತೀರ್ಮಾನ. ಅಲೆದದ್ದು ಖುಷಿಯ ವಿಷಯದ ಕಡೆಗೇ ಆಗಿದ್ದರೂ ಮಾಡುತ್ತಿರುವ ಕೆಲಸದಲ್ಲಿ ಇದ್ದವರಿಗಿಂತ ಹೆಚ್ಚು ಸುಖವೇನೂ ಅವರಿಗೆ ಸಿಕ್ಕಿರಲಿಲ್ಲ.

ಹಾಗಾಗಿ ಬೈದುಕೊಳ್ಳಬೇಡಿ. ಉಸಿರಿಗೆ ಹಿಂತಿರುಗಿ. ಮತ್ತೆ ಶುರು ಮಾಡಿ.

ಊರಿನ ಗುಡಿಯಲ್ಲಿ ಸುಪ್ರಭಾತ ಹಾಕಿದ್ದಾರೆ. ಮೈಕಿನ ದನಿ ಹೊಲ ದಾಟಿ ಬರುತ್ತದೆ. ಅದರ ಹಿಂದೆಯೇ ಮನಸ್ಸು ಗುಡಿಗೆ ಹೋಗಿ ಹುಗ್ಗಿಯ ಸಾಲಿನಲ್ಲಿ ನಿಲ್ಲುತ್ತದೆ. ಹಿಂತಿರುಗಿ. ಬಲ ಮಂಡಿ ನೋಯುತ್ತಿದೆ. ಗ್ಯಾಸ್ ಆಫ್ ಮಾಡಿ ಬಂದೆನೇ? ಹಿಂತಿರುಗಿ. ಮಗಳ ಸಿಇಟಿ ಕೋಚಿಂಗಿನ ಎರಡನೇ ಕಂತು. ಹಿಂತಿರುಗಿ. ಯಾವುದೋ ಜಾಹೀರಾತಿನ ರಾಗ, ಬಿಡದೆ ಹಾಡಿಕೊಳ್ಳುತ್ತಿದೆ. ಹಿಂತಿರುಗಿ. ಆರೂವರೆಗೆ ತಿಂಡಿಯ ಗಂಟೆ ಹೊಡೆಯುವ ಹೊತ್ತಿಗೆ ನಿಮಗೆ ಅರ್ಥವಾಗುವುದು ಒಂದೇ: ಈ ಗಲಾಟೆ ಇಲ್ಲಿಗೆ ಬಂದ ಮೇಲೆ ಹುಟ್ಟಿದ್ದಲ್ಲ. ಮೊದಲಿನಿಂದಲೂ ಇತ್ತು. ಫೋನು, ಟಿ.ವಿ., ಹರಟೆ, ಕೆಲಸ ಎಲ್ಲವೂ ಸೇರಿ ಅದನ್ನು ಮುಚ್ಚಿಟ್ಟಿದ್ದವು. ಈಗ ಮುಚ್ಚಳ ತೆಗೆದಿದ್ದೀರಿ, ಅಷ್ಟೆ. ಮೊದಲ ದಿನ ಮನಸ್ಸು ಇನ್ನಷ್ಟು ಕೆಟ್ಟಿತೇನೋ ಎಂದು ಹೆದರುವವರಿಗೆ ನಾನು ಹೇಳುವುದೂ ಇದನ್ನೇ.

ಮಧ್ಯಾಹ್ನ ಹನ್ನೆರಡರಿಂದ ಒಂದರವರೆಗೆ ಆಚಾರ್ಯರನ್ನು ಕಂಡು ಸಂದೇಹ ಕೇಳಬಹುದು. ಮೌನಕ್ಕೆ ಆ ಮಟ್ಟಿಗೆ ವಿನಾಯಿತಿ ಉಂಟು. ನೀವು ಎದುರು ಕೂತು ಪಿಸುದನಿಯಲ್ಲಿ ಹೇಳುತ್ತೀರಿ: ಉಸಿರೇ ಸಿಗುತ್ತಿಲ್ಲ, ಬಹಳ ಸಣ್ಣದಾಗಿಬಿಟ್ಟಿದೆ. ಉತ್ತರ ಎರಡೇ ಮಾತಿನದು. ಎರಡು ಮೂರು ಸಲ ತುಸು ಜೋರಾಗಿ ಉಸಿರಾಡಿ, ಎಲ್ಲಿ ತಾಗುತ್ತದೆ ಎಂದು ಗುರುತು ಹಿಡಿಯಿರಿ. ಆಮೇಲೆ ಅದನ್ನು ಅದರ ಪಾಡಿಗೆ ಬಿಟ್ಟುಬಿಡಿ.

ಅದರ ಪಾಡಿಗೆ ಬಿಡುವುದು! ಮಧ್ಯಾಹ್ನದ ಬೈಠಕ್ಕಿನಲ್ಲಿ ಗೊತ್ತಾಗುತ್ತದೆ ಅದೆಷ್ಟು ಕಷ್ಟ ಎಂದು. ನೋಡತೊಡಗಿದೊಡನೆ ಉಸಿರು ನಿಮ್ಮ ಕೈಗೆ ಬಂದುಬಿಡುತ್ತದೆ. ಒಳಕ್ಕೆ ಎಳೆಯುತ್ತಿರುವವರು ನೀವು, ಹೊರಕ್ಕೆ ತಳ್ಳುತ್ತಿರುವವರು ನೀವು. ದೇಹದೊಳಗಿನ ಕೆಲಸಗಳಲ್ಲಿ ಉಸಿರಿನದು ವಿಶೇಷ ಪರಿ. ಜಠರಕ್ಕೆ, ಪಿತ್ತಕೋಶಕ್ಕೆ ನಾವು ಆಜ್ಞೆ ಮಾಡಲಾರೆವು. ಕೈಕಾಲುಗಳು ಆಜ್ಞೆಯಿಲ್ಲದೆ ಮಿಸುಕವು. ಉಸಿರು ಮಾತ್ರ ಎರಡು ಕಡೆಯದು. ಮೆದುಳಿನ ಬುಡದ ಮೆಡುಲ್ಲಾ ಎಂಬ ಭಾಗ ನಿದ್ದೆಯಲ್ಲೂ ಅದನ್ನು ನಡೆಸುತ್ತಿರುತ್ತದೆ. ಬೇಕೆಂದಾಗ ಅದೇ ಉಸಿರನ್ನು ಹಿಡಿಯಬಹುದು, ಬಿಡಬಹುದು, ಹಾಡಿಗೋ ಈಜಿಗೋ ಹೊಂದಿಸಬಹುದು. ಭಯವಾದಾಗ, ಸಿಟ್ಟು ಬಂದಾಗ ಯಾರೂ ಹೇಳದೆಯೇ ಅದು ಬದಲಾಗುತ್ತದೆ. ಹೊರಗೆ ಕಾಣುವ ಮೈಗೂ ಒಳಗೆ ಕಾಣದೆ ನಡೆಯುವ ಕೆಲಸಕ್ಕೂ ನಡುವಿನ ಗಡಿಯಲ್ಲಿ ಅದರ ಓಡಾಟ. ಧ್ಯಾನಕ್ಕೆ ಉಸಿರನ್ನೇ ಆರಿಸಿಕೊಂಡ ಹಿರಿಯರ ಜಾಣತನ ಇಲ್ಲಿದೆ ಎಂದು ನನ್ನ ನಂಬಿಕೆ. ಜೊತೆಗೆ ಅದಕ್ಕೆ ಜಾತಿಯಿಲ್ಲ, ಮತವಿಲ್ಲ. ಇದು ಹಿಂದೂ ಉಸಿರು, ಇದು ಮುಸ್ಲಿಂ ಉಸಿರು ಎಂದು ಯಾರೂ ಹೇಳಲಾರರು. ದೆಹಲಿಯ ತಿಹಾರ್ ಜೈಲಿನಲ್ಲಿ 1994ರಲ್ಲಿ ಸಾವಿರಕ್ಕೂ ಹೆಚ್ಚು ಕೈದಿಗಳು ಒಟ್ಟಿಗೆ ಇದೇ ಶಿಬಿರದಲ್ಲಿ ಕೂತರು. ಅವರಿಗೆ ಕಲಿಸಿದ್ದೂ ಇಷ್ಟನ್ನೇ.

ಸಂಜೆ ಐದಕ್ಕೆ ಚಹಾ, ಮಂಡಕ್ಕಿ, ಹಣ್ಣು. ರಾತ್ರಿ ಊಟವಿಲ್ಲ. ಏಳಕ್ಕೆ ಗೋಯೆಂಕಾರ ಪ್ರವಚನ. ಇಡೀ ದಿನದಲ್ಲಿ ಕಿವಿಗೆ ಊಟ ಸಿಗುವ ಹೊತ್ತು ಅದೊಂದೇ. ಗೋಯೆಂಕಾ ಕತೆ ಹೇಳಬಲ್ಲವರು. ಅವರು ಹುಟ್ಟಿದ್ದು 1924ರಲ್ಲಿ, ಬರ್ಮಾದ ಮಾಂಡಲೆಯಲ್ಲಿ, ಮಾರವಾಡಿ ವ್ಯಾಪಾರಿಗಳ ಮನೆಯಲ್ಲಿ. ಚಿಕ್ಕ ವಯಸ್ಸಿಗೇ ದೊಡ್ಡ ಉದ್ಯಮಿ. ಆದರೆ ತಡೆಯಲಾರದ ಅರೆತಲೆನೋವು. ಮಾರ್ಫಿನ್ ಚುಚ್ಚಿಸಿಕೊಳ್ಳುವ ಮಟ್ಟಕ್ಕೆ ಹೋಗಿತ್ತು. ದೇಶದೇಶದ ವೈದ್ಯರಿಗೆ ತೋರಿಸಿದ ಮೇಲೆ, ಗೆಳೆಯರ ಮಾತಿನಂತೆ ರಂಗೂನಿನ ಸಯಾಜಿ ಊ ಬಾ ಖಿನ್ ಅವರ ಬಳಿಗೆ ಹೋದರು. ಊ ಬಾ ಖಿನ್ ಸನ್ಯಾಸಿಯಲ್ಲ. ಸ್ವತಂತ್ರ ಬರ್ಮಾದ ಅಕೌಂಟೆಂಟ್ ಜನರಲ್, ಸಂಸಾರಸ್ಥರು, ಕಡತ ನೋಡುವ ಅಧಿಕಾರಿ. ತಲೆನೋವು ವಾಸಿ ಮಾಡಿಸಿಕೊಳ್ಳಲು ಬಂದಿದ್ದೀಯಾದರೆ ಬೇಡ ಎಂದು ಅವರು ಮೊದಲು ಹಿಂದಕ್ಕೆ ಕಳಿಸಿದರು. ಮನಸ್ಸು ಹದವಾಗಬೇಕೆಂದು ಬಂದರೆ ಬಾ, ತಲೆನೋವು ಹೋದರೆ ಅದು ಮೇಲಿನ ಲಾಭ. ಗೋಯೆಂಕಾ ಮೊದಲ ಶಿಬಿರಕ್ಕೆ ಕೂತದ್ದು 1955ರಲ್ಲಿ. 1969ರಲ್ಲಿ ಭಾರತಕ್ಕೆ ಬಂದು ಕಲಿಸತೊಡಗಿದರು. ಊ ಬಾ ಖಿನ್ ಹೇಳಿದ ಆ ಮೇಲಿನ ಲಾಭದ ಮಾತನ್ನು ಇವತ್ತು ನಿದ್ದೆಗಾಗಿ, ಬಿಪಿಗಾಗಿ, ಪರೀಕ್ಷೆಯ ಅಂಕಕ್ಕಾಗಿ ಧ್ಯಾನ ಹುಡುಕುವ ನಾವೆಲ್ಲ ಕೇಳಿಸಿಕೊಳ್ಳಬೇಕು. ಉಸಿರಿನ ಮುಂದೆ ಬೇಡಿಕೆಯ ಪಟ್ಟಿ ಹಿಡಿದು ಕೂತರೆ ಕಾಣುವುದು ಪಟ್ಟಿಯೇ.

ಎರಡನೇ ದಿನ. ಅದೇ ಆಸನ, ಅದೇ ಚಳಿ. ಇವತ್ತು ಕೆಲಸ ತುಸು ಚಿಕ್ಕದಾಗಿದೆ: ಉಸಿರು ಮೂಗಿನ ಒಳಗೋಡೆಗೆ, ಹೊಳ್ಳೆಯ ಅಂಚಿಗೆ, ಮೇಲ್ದುಟಿಯ ಮೇಲೆ ಎಲ್ಲಿ ತಾಗುತ್ತದೆ, ನೋಡಿ. ಬೆಳಿಗ್ಗೆ ಎಡ ಹೊಳ್ಳೆ ಮುಚ್ಚಿದ ಹಾಗಿತ್ತು, ಉಸಿರೆಲ್ಲ ಬಲದಲ್ಲಿ. ನೆಗಡಿ ಬರುತ್ತಿದೆಯೇನೋ ಎಂದುಕೊಂಡಿರಿ. ಊಟವಾದ ಮೇಲೆ ಕೂತರೆ ಎಡ ತೆರೆದಿದೆ, ಬಲ ಕಟ್ಟಿದೆ. ನೆಗಡಿಯಲ್ಲ. ಎರಡು ಹೊಳ್ಳೆಗಳು ಕೆಲವು ತಾಸಿಗೊಮ್ಮೆ ಸರದಿ ಬದಲಿಸುತ್ತವೆ. ಒಂದು ಬದಿಯ ಒಳಪೊರೆ ರಕ್ತ ತುಂಬಿ ಉಬ್ಬಿದರೆ ಇನ್ನೊಂದು ಬದಿಯದು ಇಳಿಯುತ್ತದೆ. ಜರ್ಮನಿಯ ವೈದ್ಯ ರಿಚರ್ಡ್ ಕೈಸರ್ 1895ರಲ್ಲಿ ಇದನ್ನು ವೈದ್ಯಶಾಸ್ತ್ರದಲ್ಲಿ ದಾಖಲಿಸಿದರು. ನಮ್ಮ ಹಠಯೋಗದವರು ಸೂರ್ಯನಾಡಿ, ಚಂದ್ರನಾಡಿ ಎಂದು ಬಹಳ ಹಿಂದೆಯೇ ಗುರುತಿಸಿದ್ದರು. ಇಷ್ಟು ವರ್ಷ ಮುಖದ ನಟ್ಟನಡುವೆ ಇದು ನಡೆಯುತ್ತಿತ್ತು, ನೀವು ಒಮ್ಮೆಯೂ ಕಂಡಿರಲಿಲ್ಲ.

ಐದನೇ ಶತಮಾನದಲ್ಲಿ ಸಿಂಹಳದ ಅನುರಾಧಪುರದಲ್ಲಿ ಕೂತು ಬೌದ್ಧ ವಿದ್ವಾಂಸ ಬುದ್ಧಘೋಷ ಬರೆದ ‘ವಿಸುದ್ಧಿಮಗ್ಗ’ದಲ್ಲಿ ಈ ಕೆಲಸಕ್ಕೆ ಒಂದು ಹೋಲಿಕೆ ಇದೆ. ಊರಬಾಗಿಲು ಕಾಯುವವನು ಊರೊಳಗೆ ಇರುವವರನ್ನೂ ಹೊರಗೆ ಇರುವವರನ್ನೂ ಹುಡುಕಿಕೊಂಡು ಹೋಗಿ ನೀನು ಯಾರು, ಎಲ್ಲಿಂದ ಬಂದೆ, ಕೈಯಲ್ಲಿ ಏನಿದೆ ಎಂದು ವಿಚಾರಿಸುವುದಿಲ್ಲ. ಬಾಗಿಲಿಗೆ ಬಂದು ತಲುಪಿದವರನ್ನಷ್ಟೇ ನೋಡುತ್ತಾನೆ. ಉಸಿರು ಎದೆಗೆ ಇಳಿಯಿತೇ, ಹೊಟ್ಟೆ ಮುಟ್ಟಿತೇ, ಹೊರಗೆ ಹೋಗಿ ಏನಾಯಿತು ಎಂದು ಅದರ ಬೆನ್ನು ಹತ್ತಬೇಡಿ. ಹೊಳ್ಳೆಯ ಬಾಗಿಲಲ್ಲಿ ಅದು ದಾಟುವ ಗಳಿಗೆಯನ್ನು ತಿಳಿದರೆ ಸಾಕು. ಬುದ್ಧಘೋಷ ಹೊಸಬರಿಗೆ ಎಣಿಕೆಯನ್ನೂ ಹೇಳಿಕೊಟ್ಟಿದ್ದಾರೆ. ಐದಕ್ಕಿಂತ ಮೊದಲು ನಿಲ್ಲಿಸಬೇಡಿ, ಹತ್ತನ್ನು ದಾಟಬೇಡಿ. ಗೋಯೆಂಕಾರ ಪದ್ಧತಿಯಲ್ಲಿ ಎಣಿಕೆ ಇಲ್ಲ. ಮನೆಯಲ್ಲಿ ಒಬ್ಬರೇ ಕೂರುವವರಿಗೆ ಅದರಿಂದ ತೊಂದರೆಯೇನೂ ಇಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ಶಿಬಿರದಲ್ಲಿದ್ದಾಗ ಶಿಬಿರದವರು ಹೇಳಿದಂತೆಯೇ ಮಾಡಬೇಕು. ಎರಡು ದೋಣಿಯಲ್ಲಿ ಕಾಲಿಟ್ಟರೆ ಯಾವ ದಡವೂ ಸಿಗುವುದಿಲ್ಲ.

ಮೂರನೇ ದಿನದ ಮಧ್ಯಾಹ್ನ ಎರಡೂವರೆ. ಸಾಮೂಹಿಕ ಬೈಠಕ್. ಒಂದು ಗಂಟೆ ಯಾರೂ ಏಳುವ ಹಾಗಿಲ್ಲ. ಜಾಗ ಇನ್ನೂ ಕಿರಿದಾಗಿದೆ: ಮೂಗಿನ ಕೆಳಗೆ, ಮೇಲ್ದುಟಿಯ ಮೇಲೆ, ಮೀಸೆಯ ಜಾಗದಷ್ಟು. ಅಷ್ಟರಲ್ಲೇ ಕಾದು ಕೂರಬೇಕು. ಮೊದಮೊದಲು ಅಲ್ಲಿ ಏನೂ ಇಲ್ಲ, ಬರೀ ಚರ್ಮ. ಕಾಯುತ್ತೀರಿ. ಬಲಗಡೆಯ ಅಂಚಿನಲ್ಲಿ ಸಣ್ಣ ತುರಿಕೆ. ಕೈ ಏಳಬೇಕೆನ್ನುತ್ತದೆ, ಏಳಿಸುವುದಿಲ್ಲ. ತುರಿಕೆ ಏರುತ್ತದೆ, ಇನ್ನು ತಡೆಯಲಾರೆ ಎನ್ನುವವರೆಗೆ. ಆಮೇಲೆ ನೀವು ಏನೂ ಮಾಡದೆಯೇ ಚೂರುಚೂರಾಗಿ ಸಡಿಲವಾಗಿ ಇಲ್ಲವಾಗುತ್ತದೆ. ಅದು ಇದ್ದಲ್ಲಿ ಈಗ ಸಣ್ಣ ಮಿಡಿತ. ಮಿಡಿತದ ಮೇಲೆ ಉಸಿರಿನ ತಂಪು ಬಂದು ತಾಗುತ್ತದೆ, ಬೆಚ್ಚಗಾಗಿ ಹೋಗುತ್ತದೆ. ಇನ್ನೊಂದು. ಮತ್ತೊಂದು. ಒಳಕ್ಕೆ ಬಂದ ಉಸಿರಿಗೂ ಹೊರಡುವ ಉಸಿರಿಗೂ ನಡುವೆ ಕೂದಲೆಳೆಯಷ್ಟು ಬಿಡುವು ಇದೆ ಎಂದು ಈಗ ಕಾಣುತ್ತದೆ. ಉಸಿರು ತಾನಾಗಿ ಸಣ್ಣದಾಗಿದೆ. ಹೊರಗೆ ಬಿಡುವಾಗ ಹೃದಯದ ಬಡಿತ ಒಂದಿಷ್ಟು ನಿಧಾನವಾಗುವುದು ಎಲ್ಲರ ದೇಹದ ಸಹಜ ಕ್ರಮ. ವೇಗಸ್ ನರ ಆ ಕೆಲಸ ಮಾಡುತ್ತದೆ. ಇವತ್ತು ಆ ಏರಿಳಿತವೂ ಎದೆಯಲ್ಲಿ ನಿಮಗೆ ಗೊತ್ತಾಗುತ್ತಿದೆ.

ಕೆಲವು ಉಸಿರುಗಳು ಹೀಗೆ ಹೋಗುತ್ತವೆ. ಒಂದು ಶಬ್ದವೂ ಇಲ್ಲದೆ. ಮಾತು ತಲೆಯೊಳಗೆ ನಿಂತಿತ್ತು ಎಂದು ತಿಳಿಯುವುದೂ ಮಾತು ಮತ್ತೆ ಶುರುವಾದ ಮೇಲೆಯೇ.

ಶುರುವಾಗುವುದು ಅದೇ ಚಿಕ್ಕಪ್ಪನ ಮಾತಿನಿಂದ. ಆದರೆ ಇವತ್ತು ಬೇರೆ ಏನೋ ನಡೆಯುತ್ತದೆ. ಜಗಲಿಯಾಗಲಿ ಹಿರಿಯರಾಗಲಿ ಇನ್ನೂ ಕಣ್ಣ ಮುಂದೆ ಬಂದಿಲ್ಲ. ಅದಕ್ಕೂ ಮೊದಲೇ ಮೇಲ್ದುಟಿಯ ಮೇಲೆ ಉಸಿರು ಬದಲಾಯಿತು. ನೂಲಿನ ಹಾಗೆ ಬರುತ್ತಿದ್ದದ್ದು ಒರಟಾಯಿತು, ಬಿಸಿಯಾಯಿತು, ಗಿಡ್ಡವಾಯಿತು. ಎದೆ ಅರ್ಧದಲ್ಲೇ ನಿಲ್ಲಿಸಿತು. ಆಮೇಲೆ ಬಂದದ್ದು ಜಗಲಿ. ಆಮೇಲೆ ಮಾತು. ಸಿಟ್ಟು ನಿಮ್ಮ ತಲೆಗೆ ಬರುವ ಮೊದಲು ಮೂಗಿಗೆ ಬಂದಿತ್ತು. ಬಾಗಿಲಲ್ಲಿ ಕೂತಿದ್ದರಿಂದ ಅದು ದಾಟುವುದನ್ನು ಕಂಡಿರಿ. ಕಂಡದ್ದಕ್ಕೆ ಏನು ಮಾಡಿದಿರಿ? ಏನೂ ಇಲ್ಲ. ಬಿಸಿ ಉಸಿರನ್ನು ಬಿಸಿ ಉಸಿರು ಎಂದು ತಿಳಿಯುತ್ತ ಕೂತಿರಿ. ಗಿಡ್ಡ, ಒರಟು, ಗಿಡ್ಡ. ತುಸು ಉದ್ದ. ಜಗಲಿ ಮಸುಕಾಯಿತು. ಚಿಕ್ಕಪ್ಪ ಮಾತು ಮುಗಿಸಲಿಲ್ಲ. ನೀವು ಉತ್ತರ ಹುಡುಕಲೂ ಇಲ್ಲ.

ಉಸಿರನ್ನು ತಿದ್ದಬೇಡಿ ಎಂದು ಮೊದಲ ದಿನದಿಂದ ಹೇಳುತ್ತ ಬಂದದ್ದು ಏಕೆ ಎಂಬುದು ಈ ಹೊತ್ತಿಗೆ ಮೈಗೇ ತಿಳಿಯುತ್ತದೆ. ಉಸಿರು ಮನಸ್ಸನ್ನು ಕಟ್ಟಿಹಾಕುವ ಗೂಟ ಎಂದಷ್ಟೇ ತಿಳಿದರೆ ಅರ್ಧ ತಿಳಿದ ಹಾಗೆ. ಮನಸ್ಸಿನಲ್ಲಿ ಏನು ಏಳುತ್ತಿದೆ ಎಂದು ಎಲ್ಲರಿಗಿಂತ ಮೊದಲು ಬಂದು ಹೇಳುವುದೂ ಉಸಿರೇ. ಅದನ್ನು ಬಲವಂತವಾಗಿ ಉದ್ದ ಮಾಡಿ, ನಯ ಮಾಡಿ ಕೂತರೆ ಆ ಸುದ್ದಿ ನಮಗೆ ಮುಟ್ಟುವುದಿಲ್ಲ. ಪ್ರಾಣಾಯಾಮಕ್ಕೆ ಅದರದೇ ಜಾಗವಿದೆ. ಗಾಬರಿಯಾದಾಗ ಬೇಕೆಂದೇ ನಿಧಾನವಾಗಿ ಉಸಿರು ಬಿಟ್ಟರೆ ದೇಹ ಬೇಗ ತಣ್ಣಗಾಗುತ್ತದೆ, ಅದೂ ನಿಜ. ಆದರೆ ಅದು ಉಸಿರಿಗೆ ಪಾಠ ಹೇಳುವ ಕೆಲಸ, ಇದು ಉಸಿರಿನಿಂದ ಪಾಠ ಕೇಳುವ ಕೆಲಸ. ಎರಡನ್ನೂ ಒಂದೇ ಹೊತ್ತಿನಲ್ಲಿ ಮಾಡಲಾಗದು. ಪಾಳಿಯ ಮಜ್ಝಿಮ ನಿಕಾಯದಲ್ಲಿ 118ನೆಯದಾಗಿ ಬರುವ ಆನಾಪಾನಸತಿ ಸುತ್ತದಲ್ಲಿ ಬುದ್ಧ ಹದಿನಾರು ಮೆಟ್ಟಿಲುಗಳನ್ನು ಹೇಳುತ್ತಾನೆ. ಮೊದಲ ಎರಡು ಮೆಟ್ಟಿಲು ಉದ್ದದ ಉಸಿರನ್ನು ಉದ್ದವೆಂದೂ ಗಿಡ್ಡದ್ದನ್ನು ಗಿಡ್ಡವೆಂದೂ ತಿಳಿಯುವುದು, ಅಷ್ಟೆ. ಆ ಎರಡರಲ್ಲಿ ಜೀವನಪೂರ್ತಿ ಕಳೆದರೂ ನಷ್ಟವಿಲ್ಲ.

ನಾಲ್ಕನೇ ದಿನದ ಮಧ್ಯಾಹ್ನದಿಂದ ವಿಪಶ್ಯನೆ. ಮೂಗಿನ ಕೆಳಗೆ ಹರಿತ ಮಾಡಿಕೊಂಡ ಗಮನವನ್ನು ಇಡೀ ಮೈಮೇಲೆ ಆಡಿಸುವ ಪಾಠ ಅದು, ಬೇರೆಯೇ ಒಂದು ಬರಹದ ವಿಷಯ. ಹತ್ತನೇ ದಿನ ಮೌನ ಮುರಿಯುತ್ತದೆ. ಹನ್ನೊಂದನೆಯ ಬೆಳಿಗ್ಗೆ ಗಂಟುಮೂಟೆ ಕಟ್ಟಿ ಹೊರಡುತ್ತೀರಿ. ಊಟಕ್ಕೂ ವಸತಿಗೂ ಯಾರೂ ಶುಲ್ಕ ಕೇಳುವುದಿಲ್ಲ. ನಿಮಗಿಂತ ಮೊದಲು ಶಿಬಿರ ಮುಗಿಸಿದವರು ಕೊಟ್ಟ ದಾನದಲ್ಲಿ ನೀವು ಉಂಡಿದ್ದೀರಿ. ಮನಸ್ಸಿದ್ದರೆ ಮುಂದೆ ಬರುವವರಿಗಾಗಿ ಕೊಡಬಹುದು.

ಮಾದಾವರ ಮೆಟ್ರೊ ನಿಲ್ದಾಣ. ರೈಲು ಇನ್ನೂ ಬಂದಿಲ್ಲ. ಫೋನಿಗೆ ಜೀವ ಕೊಡುತ್ತೀರಿ. ಪರದೆ ಬೆಳಗುತ್ತದೆ, ಸಿಗ್ನಲ್ಲಿಗಾಗಿ ತಡಕುತ್ತದೆ, ಆಮೇಲೆ ಒಂದರ ಹಿಂದೆ ಒಂದು: ಬ್ಯಾಂಕು, ಆಫೀಸಿನ ಗುಂಪು, ಸೊಸೈಟಿಯ ನೀರಿನ ಟ್ಯಾಂಕರಿನ ಜಗಳ, ಅಕ್ಕನ ಮೂರು ಮಿಸ್ಡ್ ಕಾಲ್. ಏನನ್ನೂ ಇನ್ನೂ ಓದಿಲ್ಲ. ಆದರೂ ಉಸಿರು ನಿಂತಿದೆ. ಒಳಗೆ ಎಳೆದದ್ದು ಎದೆಯ ಮೇಲ್ಭಾಗದಲ್ಲೇ ಸಿಕ್ಕಿಕೊಂಡು ಕೂತಿದೆ, ಭುಜಗಳು ಕಿವಿಯ ಹತ್ತಿರಕ್ಕೆ ಬಂದಿವೆ. ಹತ್ತು ದಿನದ ಹಿಂದೆಯೂ ಹೀಗೇ ಆಗುತ್ತಿತ್ತು. ಬೆಳಿಗ್ಗೆ ಎದ್ದು ಪರದೆ ನೋಡುವಾಗ, ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ, ಮೇಲಧಿಕಾರಿಯ ಹೆಸರು ಕಂಡಾಗ, ದಿನಕ್ಕೆ ಎಷ್ಟು ಸಲವೋ. ಆಗ ಕಂಡಿರಲಿಲ್ಲ, ಈಗ ಕಂಡಿತು. ಕಂಡೊಡನೆ ಸಿಕ್ಕಿಕೊಂಡಿದ್ದ ಉಸಿರು ತಾನೇ ಸಡಿಲಗೊಂಡು ಹೊರಗೆ ಹೋಯಿತು. ಅಕ್ಕನಿಗೆ ಮೊದಲು ಫೋನ್ ಮಾಡಬೇಕು ಎಂಬುದೂ ಸ್ಪಷ್ಟವಾಯಿತು. ಟ್ಯಾಂಕರಿನ ಜಗಳ ಕಾಯಬಹುದು.

ಹತ್ತು ದಿನ ಬಿಡುವು ಎಲ್ಲರಿಗೂ ಸಿಗುವುದಿಲ್ಲ, ನನಗೆ ಗೊತ್ತು. ಹಸುಗೂಸಿನ ತಾಯಿಗೆ, ದಿನಗೂಲಿಯವರಿಗೆ, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ಅದು ಆಗದ ಮಾತು. ತೀವ್ರ ಮಾನಸಿಕ ಕಾಯಿಲೆಗೆ ಚಿಕಿತ್ಸೆಯಲ್ಲಿರುವವರು ವೈದ್ಯರನ್ನು ಕೇಳದೆ ಇಂಥ ದೀರ್ಘ ಶಿಬಿರಕ್ಕೆ ಹೋಗಲೇಬಾರದು. ಅರ್ಜಿಯಲ್ಲಿ ಆ ಪ್ರಶ್ನೆ ಕೇಳುತ್ತಾರೆ, ಮುಚ್ಚಿಡಬೇಡಿ. ಕಣ್ಣು ಮುಚ್ಚಿ ಕೂತರೆ ದಿಗಿಲು ಹೆಚ್ಚಾಗುವವರು ಕಣ್ಣು ತೆರೆದೇ ಕೂರಲಿ, ಆಗಲಿಲ್ಲವೆಂದರೆ ನಿಲ್ಲಿಸಲಿ. ಕತ್ತಲೆ ಕವಿದ ಹಾಗಾದವರು ಧ್ಯಾನದಲ್ಲೇ ಪರಿಹಾರ ಹುಡುಕುತ್ತ ಒಂಟಿಯಾಗಿ ಕೂರಬಾರದು. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಹಣ ಕೊಡಬೇಕಿಲ್ಲ, ಕನ್ನಡದಲ್ಲಿಯೇ ಮಾತಾಡಬಹುದು.

ಮಿಕ್ಕವರೆಲ್ಲ ಮನೆಯಲ್ಲೇ ಶುರು ಮಾಡಿ. ಇವತ್ತು ರಾತ್ರಿ ಫೋನನ್ನು ಇನ್ನೊಂದು ಕೋಣೆಯಲ್ಲಿ ಚಾರ್ಜಿಗೆ ಹಾಕಿ. ನಾಳೆ ಬೆಳಿಗ್ಗೆ ಅದನ್ನು ಮುಟ್ಟುವ ಮೊದಲು ಹತ್ತು ನಿಮಿಷ ಕುರ್ಚಿಯಲ್ಲೋ ಚಾಪೆಯಲ್ಲೋ ಬೆನ್ನು ನೆಟ್ಟಗೆ ಮಾಡಿ ಕೂತು, ಮೂಗಿನ ಕೆಳಗೆ ಉಸಿರು ತಾಗುವ ಜಾಗ ಹುಡುಕಿ. ಮನಸ್ಸು ಓಡಿತೆಂದು ಗೊತ್ತಾದಾಗಲೆಲ್ಲ ಬೈಯದೆ ವಾಪಸ್ಸು ಬನ್ನಿ. ಹತ್ತು ನಿಮಿಷದಲ್ಲಿ ನೂರು ಸಲ ಓಡಿದರೂ ಪರವಾಗಿಲ್ಲ, ನೂರು ಸಲ ವಾಪಸ್ಸು ಬಂದಿರಲ್ಲ. ಒಂದು ತಿಂಗಳು ಬಿಡದೆ ಹೀಗೆ ಕೂತು ನೋಡಿ, ಆಮೇಲೆ ನಿಮಗೆ ಧ್ಯಾನ ಹತ್ತುತ್ತದೆಯೋ ಇಲ್ಲವೋ ನೀವೇ ಹೇಳಿ.